ತೂಕವಿಲ್ಲದ ಕೈ

ಪರದೆಯ ಮೇಲೆ ಅಕ್ಕ ಮತ್ತೆ ಚಾವಣಿಗೆ ಹಾರಿದಳು.

ನಿಜವಾದ ಅಕ್ಕ ಅಲ್ಲ, ಪುಣ್ಯಕ್ಕೆ. ಅವಳ ಎತ್ತರ, ತೂಕ ಅಳೆದು ಕಂಪ್ಯೂಟರಿನಲ್ಲಿ ನಾನೇ ಮಾಡಿದ ಗೊಂಬೆ. ಹಾಸಿಗೆ ಹಿಡಿದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವ ರೋಬೋಟೊಂದನ್ನು ನಮ್ಮ ಕಂಪನಿ ಕಟ್ಟುತ್ತಿದೆ. ಮನುಷ್ಯರನ್ನು ಮುಟ್ಟುವ ಮುಂಚೆ ಅದು ಸಿಮ್ಯುಲೇಶನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ, ಈ ಗೊಂಬೆಯನ್ನು ಎತ್ತಿ ತೋರಿಸಬೇಕು. ಅಲ್ಲಿ ಪಾಸಾದರೆ ಸೋಮವಾರ ಅದು ಎತ್ತುವ ಮೊದಲ ಜೀವ ನನ್ನ ಅಕ್ಕ. ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿದ ಮೇಲೆ, ಕಿಟಕಿಯ ಹತ್ತಿರ ಕೂರಬೇಕೆಂದರೂ ಅವಳು ಯಾರನ್ನಾದರೂ ಕೂಗಬೇಕು. ಭಾವನ ಸೊಂಟವೂ ಹಿಡಿದುಕೊಂಡಿದೆ. ಹಾಗಾಗಿ ಮೊದಲು ನನ್ನನ್ನೇ ಎತ್ತಲಿ ಎಂದು ಹಟ ಹಿಡಿದವಳು ಅವಳೇ.

ಇಲ್ಲಿ ನೋಡಿದರೆ, ರೋಬೋಟು ಕೈ ಚಾಚುವ ಮೊದಲೇ ಗೊಂಬೆ ಗಡಗಡ ನಡುಗಿ ಚಂಗನೆ ಹಾರುತ್ತಿತ್ತು.

"ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ ಮೇಡಂ?" ಎಂದ ಪಕ್ಕದ ಮೇಜಿನವನು. ಪರದೆಯ ಮೇಲೆ ಕಾಣುವುದನ್ನೆಲ್ಲ ಚೆಂದ ಮಾಡುವುದು ಅವನ ಕೆಲಸ. ಮಂಚಕ್ಕೆ ಹೊಳಪು, ಹೊದಿಕೆಗೆ ಹೂವು, ಕಿಟಕಿಗೆ ಬಿಸಿಲು. ಅವನಿಗೆ ನಾನಿಟ್ಟ ಹೆಸರು ಸಿಂಗಾರಪ್ಪ. ಚಲನೆಗೆ ತಡೆಯೊಡ್ಡುವ ಅಂಕಿಯೊಂದನ್ನು ಅವನು ಏರಿಸುತ್ತಾ ಹೋದ. ನಡುಕ ನಿಂತಿತು. ರೋಬೋಟು ಗೊಂಬೆಯನ್ನು ಮೆಲ್ಲಗೆ ಎತ್ತಿ ಕುರ್ಚಿಯಲ್ಲಿ ಕೂರಿಸಿತು. ಬಾಸ್ ಬಂದು ನೋಡಿ ಚಪ್ಪಾಳೆ ತಟ್ಟಿದರು. "ನಾಳೆ ಪಾಸಾಯ್ತು ಅಂತ ಸಹಿ ಹಾಕ್ಬಿಡಿ" ಎಂದರು ನನಗೆ.

ಖುಷಿಯಾಗಬೇಕಿತ್ತು, ಆಗಲಿಲ್ಲ. ಏನು ತಪ್ಪಿದೆ ಎಂದು ಹೇಳಲಾಗದ ಕಿರಿಕಿರಿ, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಚಪ್ಪಾಳೆ ತಟ್ಟಿದ ಬಾಸ್ ಮೇಲೂ ಸಿಟ್ಟು ಬಂತು.

ಸಂಜೆ ಅಕ್ಕನ ಮನೆಗೆ ಹೋದೆ. ಅವಳನ್ನು ಕೂರಿಸಲೆಂದು ಬಗ್ಗಿ, ಸ್ವಾಧೀನವಿಲ್ಲದ ಎಡಗೈಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಅದು ಜಾರಿ ಮಂಚದ ಅಂಚಿಗೆ ದಪ್ಪೆಂದು ಬಡಿಯಿತು.

"ಅಯ್ಯೋ, ನೋವಾಯ್ತಾ?"

"ನೋವಾಗಿದ್ರೆ ಕುಣಿದಾಡ್ತಿದ್ದೆ ಕಣೇ" ಎಂದಳು. "ಕೈ ನನ್ನ ಮಾತು ಕೇಳಲ್ಲ. ಭಾರ ಮಾತ್ರ ನಂದೇ."

ನಾನು ಆ ಕೈಯನ್ನೇ ನೋಡುತ್ತಾ ನಿಂತೆ. ಸಿಂಗಾರಪ್ಪನ ಚೆಂದದ ಲೋಕದಲ್ಲೂ ಗೊಂಬೆಯ ಎಡಗೈ ಜಾರಿತ್ತು. ಆದರೆ ಬಿದ್ದಿರಲಿಲ್ಲ, ಜೇನಿನಲ್ಲಿ ಮುಳುಗುವ ಚಮಚದ ಹಾಗೆ ನಿಧಾನವಾಗಿ ಇಳಿದಿತ್ತು. ಕೈಯೇ ಬೀಳದ ಕಡೆ ಮನುಷ್ಯರು ಎಲ್ಲಿಂದ ಬೀಳಬೇಕು? ರೋಬೋಟು ಹೇಗೆ ಎತ್ತಿದರೂ ಅಲ್ಲಿ ಪಾಸೇ.

ಮರುದಿನ ಸಿಂಗಾರಪ್ಪ ಏರಿಸಿದ್ದ ತಡೆಯ ಅಂಕಿಯನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಗೊಂಬೆ ಹಾರಿತು. ಈ ಸಲ ಹೊಳಪು, ಹೂವು, ಬಿಸಿಲು ಎಲ್ಲ ತೆಗೆದು, ಬರೀ ಗೆರೆಗಳನ್ನು ಉಳಿಸಿಕೊಂಡು ನೋಡಿದೆ. ಗೊಂಬೆಯ ಬೆನ್ನು ಹಾಸಿಗೆಯೊಳಗೆ ಎರಡು ಬೆರಳಿನಷ್ಟು ಹೂತಿತ್ತು.

"ಇದ್ಯಾರಪ್ಪ ಮಾಡಿದ್ದು?"

"ನಾನೇ ಮೇಡಂ" ಎಂದ ಸಿಂಗಾರಪ್ಪ. "ಮೇಲೆ ಸುಮ್ನೆ ಇಟ್ರೆ ಹಲಗೆ ಮೇಲೆ ಮಲಗಿದ ಹಾಗೆ ಕಾಣ್ತಿತ್ತು. ಮೆತ್ತಗೆ ಕಾಣ್ಲಿ ಅಂತ ಚೂರು ಒಳಗೆ ಇಳಿಸ್ದೆ."

ಮೇಲೆ ಥಳುಕು, ಒಳಗೆ ಹುಳುಕು. ಕಂಪ್ಯೂಟರಿನ ಲೆಕ್ಕದಲ್ಲಿ ಆ ಹಾಸಿಗೆ ಕಲ್ಲು. ಎರಡು ಗಟ್ಟಿ ವಸ್ತುಗಳು ಒಂದೇ ಜಾಗದಲ್ಲಿ ಇರಕೂಡದೆಂದು ಅದು ಗೊಂಬೆಯನ್ನು ಹೊರಗೆ ಒದೆಯುತ್ತಿತ್ತು. ಹಾಸಿಗೆಗೆ ನಿಜವಾಗಿ ಕುಗ್ಗುವ ಗುಣ ಕೊಟ್ಟು, ಗೊಂಬೆಯನ್ನು ಅದರ ಮೇಲೆ ಇಟ್ಟು, ತಾನಾಗಿ ಇಳಿದು ನೆಲೆಸಲು ಬಿಟ್ಟೆ. ನಡುಕವಿಲ್ಲ, ಹಾರಾಟವಿಲ್ಲ. ಕೈ ಎತ್ತಿ ಬಿಟ್ಟರೆ ಅಕ್ಕನ ಕೈಯ ಹಾಗೇ ಬಿತ್ತು. ಸಿಂಗಾರಪ್ಪ ಗೆದ್ದೆವೆಂದು ಕುರ್ಚಿಯಿಂದ ಎದ್ದ.

ಆಮೇಲೆ ರೋಬೋಟನ್ನು ನಡೆಸಿದೆವು. ಅದು ಗೊಂಬೆಯ ಬೆನ್ನಿನಡಿ ತೋಳು ತೂರಿಸಿ ಎತ್ತಿತು. ಎಡಗೈ ಜಾರಿ ಜೋತುಬಿತ್ತು. ಆ ಭಾರಕ್ಕೆ ಗೊಂಬೆ ಪಕ್ಕಕ್ಕೆ ವಾಲಿ, ರೋಬೋಟಿನ ತೋಳಿನಿಂದ ಉರುಳಿ, ತಲೆ ಕೆಳಗಾಗಿ ನೆಲಕ್ಕೆ ಬಿತ್ತು.

ಎದ್ದಿದ್ದ ಸಿಂಗಾರಪ್ಪ ಮತ್ತೆ ಕೂತ. ಸೋಮವಾರ ಹೀಗೆ ಬೀಳಬೇಕಾಗಿದ್ದವಳು ಗೊಂಬೆಯಲ್ಲ.

ಸಹಿ ಹಾಕುವುದಿಲ್ಲ ಎಂದಾಗ ಬಾಸ್ ಮುಖ ಗಂಟಿಕ್ಕಿದರು. ಬಿದ್ದದ್ದನ್ನು ತೋರಿಸಿದ ಮೇಲೆ ತಾವೇ ಸೋಮವಾರದ ಪರೀಕ್ಷೆಯನ್ನು ರದ್ದು ಮಾಡಿದರು. ಅಕ್ಕನಿಗೆ ಹೇಳುವುದೇ ಕಷ್ಟವಾಯಿತು. ಕಿಟಕಿ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ತೆಗೆಸಿ, ಅದಕ್ಕೆ ಹೊಸ ದಿಂಬು ಇಡಿಸಿದ್ದಳು ಅವಳು.

"ಎಷ್ಟು ದಿನ ಆಗುತ್ತೆ?"

"ಗೊತ್ತಿಲ್ಲಕ್ಕ. ತಿಂಗಳುಗಟ್ಟಲೆ ಆಗ್ಬಹುದು."

ಅವಳ ಕಣ್ಣು ತುಂಬಿತು. ಸ್ವಲ್ಪ ಹೊತ್ತು ಆ ದಿಂಬನ್ನೇ ನೋಡಿದಳು.

"ಕಂಪ್ಯೂಟರಲ್ಲಿ ನಾನು ನಿಜವಾಗ್ಲೂ ಹಾರಿದ್ನಾ?"

"ಚಾವಣಿ ಮುಟ್ಟಿದೆ."

"ಆಮೇಲೆ ಬಿದ್ನಾ?"

"ಹೂಂ. ತಲೆ ಕೆಳಗಾಗಿ."

"ಇನ್ನೂ ಎಷ್ಟು ಸಲ ಬೇಕಾದ್ರೂ ಬೀಳ್ಸು ಅವಳನ್ನ" ಎಂದಳು ಅಕ್ಕ, ಬಲಗೈಯಿಂದ ಕಣ್ಣೊರೆಸಿಕೊಳ್ಳುತ್ತಾ. "ನನ್ನ ಪಾಲಿಂದೆಲ್ಲ ಅವಳೇ ಬಿದ್ದು ಮುಗಿಸ್ಲಿ. ಈಗ ನೀನು ಎತ್ತು."

ನಾನು ಬಗ್ಗಿ, ಮೊದಲು ಅವಳ ಎಡಗೈಯನ್ನು ಮಡಿಸಿ ಎದೆಗೆ ಒರಗಿಸಿದೆ. ಆಮೇಲೆ ಎತ್ತಿದೆ.