ಹೊಳ್ಳಿ ನೋಡಿದ ಕೂಸು

ಬಿಸಿ, ಹಂಚಿನ ಮ್ಯಾಲಿಂದ ಈಗಷ್ಟೇ ತಗದ ರೊಟ್ಟಿಯಂಥ ಬಿಸಿ, ಫೋನ್, ಅಮೀರಣ್ಣನ ರಿಪೇರಿ ಅಂಗಡಿ ಗಾಜಿನ ಮ್ಯಾಲ ಇಟ್ಟರೂ ಬೆರಳಿಗೆ ಉರಿ ಉಳದದ — ಅಪ್‌ಡೇಟ್ ಮಾಡೀರೇನ್ರಿ ಅಕ್ಕಾ ಅಂತ ಕೇಳಾಕತ್ತಾನ, ಹೂಂ, ತಾನಾಗೇ ಬಂತು, ಒತ್ತಿದೆ, ಅವತ್ತಿಂದ ವಿಡಿಯೋ ಕಾಲ್ ಹಚ್ಚಿದ್ರ ಸಾಕು, ಕಾಯ್ತದ, ಕರ್ರಗ ಆಗಿ ಸುಮ್ಮನಾಗ್ತದ, ಕೂಸು ತೊಡಿ ಮ್ಯಾಲ ಕುಂತು ನನ್ನ ಕೈಬಳಿ ಜಗ್ಗಾಕತ್ತದ, ಒಂದೆರಡು ದಿನ ವಿಡಿಯೋ ಬ್ಯಾಡ್ರಿ, ಬರೀ ಮಾತಾಡ್ರಿ ಅಂತಾನ, ಅವಗೇನು ಗೊತ್ತು, ನಮ್ಮ ಮನಿಯವರಿಗೆ ಹುಟ್ಟಾ ಕಿವಿ ಕೇಳೂದಿಲ್ಲ, ಸೊಲ್ಲಾಪುರದ ಚಾದರ ಕಾರ್ಖಾನಿಯೊಳಗ ಅಷ್ಟು ಮಗ್ಗದ ಗದ್ದಲದ ನಡುವ ಅವರೊಬ್ಬರೇ ತಣ್ಣಗ ನಿಂತಿರ್ತಾರ, ನಾವು ಕೈಯಿಂದ ಮಾತಾಡ್ತೇವಿ, ಲಗ್ನ ಆದ ಮ್ಯಾಲ ಅವರೇ ಕಲಿಸಿದ್ರು, ನೀರಿಗೆ ಹಿಂಗ, ಸಿಟ್ಟಿಗೆ ಹಿಂಗ, ಸುವರ್ಣಾ ಅನ್ನಾಕ ಗದ್ದದ ಮಚ್ಚಿ ಮುಟ್ಟೂದು, ನನ್ನ ಹೆಸರು ಅಷ್ಟು ಹಗುರ ಅದ ಅಂತ ಆಗ ಗೊತ್ತಾತು.

ತಣ್ಣೀರ ಬಟ್ಟಿ ಸುತ್ತಿದ್ದೆ ಅಂದೆ, ಹಂಗ ಮಾಡಬ್ಯಾಡ್ರಿ, ನೀರು ಒಳಗ ಇಳೀತದ ಅಂದ, ದಪ್ಪ ಕವರ್ ಬಿಚ್ಚಿದ, ಹಳೇ ಆ್ಯಪ್ ಎಲ್ಲಾ ಹೊಸಾವು ಮಾಡ್ತೇನಿ, ಒಳಗ ಕಾಣದಂಗ ಓಡೂವು ಬಂದ್ ಮಾಡ್ತೇನಿ, ಚಾರ್ಜಿಗೆ ಹಚ್ಚಿ ಮಾತಾಡಬ್ಯಾಡ್ರಿ — ಅವನ ದನಿ ದೂರ ಹೋಗ್ತದ, ಫ್ಯಾನಿನ ಗಾಳಿಗೆ ಕಣ್ಣು ಮುಚ್ಚತಾವ, ಮೊನ್ನಿನ ಅಡಗಿಮನಿ ಕಾಣ್ತದ, ಡಬ್ಬಿ ಮುಚ್ಚಳ ಕೈಜಾರಿ ಬಿತ್ತು, ಕೌದಿ ಮ್ಯಾಲ ಬೆನ್ನು ಮಾಡಿ ಕುಂತಿದ್ದ ಕೂಸು ಹೊಳ್ಳಿ ನೋಡ್ತು, ಇಷ್ಟು ದಿನ ಎಷ್ಟು ಚಪ್ಪಾಳಿ ಬಡದ್ರೂ ನೋಡದ್ದು, ಕಿವಿ ಸೋರ್ತಿತ್ತು, ಔಷಧ ಹಾಕಿದ್ವಿ, ಸೋರೂದು ನಿಂತಿತ್ತು, ಬೇಕಂತ ಇನ್ನೊಮ್ಮೆ ಬೀಳಿಸಿದೆ, ಇನ್ನೊಮ್ಮೆ ಹೊಳ್ತು. ನಮ್ಮತ್ತಿ ಹಣಮವ್ವ ಕೈ ಮುಗದಳು, ದೇವರು ಕಣ್ಣು ತೆರದ, ನನ್ನ ಮಗ ಕಲ್ಯಾಣನಂಗ ಆಗ್ಲಿಲ್ಲ ಅಂದಳು. ಕೂಸಿಗೆ ಕೇಳ್ತದ ಅನ್ನೂ ಮಾತು ನಮ್ಮ ಮನಿಯವರಿಗೆ ಯಾವ ಕೈಲಿಂದ ಹೇಳ್ಲಿ? ನಾ ಬಸುರಿದ್ದಾಗ ಹೊಟ್ಟಿ ಮುಟ್ಟಿ, ನನ್ನಂಗ ಹುಟ್ಟಿದ್ರ ಅಂಜಬ್ಯಾಡ, ಎಲ್ಲಾ ನಾ ಕಲಸ್ತೇನಿ ಅಂತ ಬೆರಳು ಆಡಿಸಿದ್ರು, ಆ ಬೆರಳಿನ ತುದಿಗೆ ಎಷ್ಟು ಹಿಗ್ಗು ಇತ್ತು, ಈಗ ಕೇಳ್ತದ ಅಂದ್ರ ನಗ್ತಾರೋ, ನೀವಿಬ್ಬರೂ ಕೇಳೂವರ ಕಡಿ ಆದ್ರಿ ಅಂತ ಮಾರಿ ಸಣ್ಣ ಮಾಡ್ತಾರೋ, ಬರದು ಕಳಸೂ ಮಾತಲ್ಲ, ಮಾರಿ ನೋಡಬೇಕು, ಅವತ್ತೇ ಕಾಲ್ ಹಚ್ಚಿದ್ದೆ, ಹೇಳಾಕ ಕೈ ಎತ್ತಿದೆ, ಫೋನ್ ಕಾದು ಕರ್ರಗ ಆತು.

ತಗೋರಿ ಅಕ್ಕಾ, ನೋಡ್ರಿ ಅಂದ ಅಮೀರಣ್ಣ, ಫೋನ್ ಕೆನ್ನಿಗೆ ಹಚ್ಚಿ ನೋಡ್ದೆ, ತಂಪು, ಅಫಜಲಪುರದ ಬಸ್ ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂತೆ, ಬೇವಿನ ನೆರಳು ಕೂಸಿನ ಮಾರಿ ಮ್ಯಾಲ ಈಜಾಡ್ತದ, ಅವರಿಗೆ ಊಟದ ಹೊತ್ತು, ವಿಡಿಯೋ ಕಾಲ್ ಹಚ್ಚಿ ಫೋನ್ ಚೀಲಕ್ಕ ಆನಿಸಿ ಇಟ್ಟೆ, ಪರದೆ ಮ್ಯಾಲ ಬಂದ್ರು, ತಲಿಗೂದಲಿಗೆ ನೂಲಿನ ಧೂಳು, ಒಂದು ಕೈಲೇ ಹೇಳ್ದೆ, ಕೂಸು, ಕಿವಿ, ಕೇಳ್ತದ. ಅವರು ಫೋನಿಗೆ ಹತ್ತರ ಬಾಗಿ ಕೂಸಿನ್ನ ನೋಡಿದ್ರು. ಏನಾರ ಅನ್ರಿ, ನಾವು ಹತ್ತಬೇಕಾದ ಗೊಬ್ಬೂರ ಬಸ್ಸು ಹಾರ್ನ್ ಬಾರಸ್ತು, ಕೂಸು ಹೊಳ್ಳಿ ನೋಡ್ತು, ಅವರು ಅದನ್ನ ಕಂಡ್ರು, ಆಮ್ಯಾಲ ಬಾಯಿ ತೆರದ್ರು — ಸಣ್ಣವರಿದ್ದಾಗ ಓಣಿ ಹುಡುಗರು ಅಣಗಿಸಿದ ಮ್ಯಾಲ ಎಂದೂ ತೆರಿಯದ ಬಾಯಿ, ನಿದ್ದಿಯೊಳಗಷ್ಟೇ ನಾ ಕೇಳಿದ ದನಿ — ಮಾತಿಲ್ಲ, ಅಕ್ಷರ ಇಲ್ಲ, ಒರಟು, ಉದ್ದ, ಕಲ್ಲಿನ ಮ್ಯಾಲ ಕುಂತವರೆಲ್ಲಾ ತಿರುಗಿದ್ರು, ತಿರಗ್ಲಿ, ಕೂಸು ಬಾಯೊಳಗಿನ ಮುಷ್ಟಿ ತಗೀತು, ಬಸ್ಸಿನ ಕಡಿಂದ ಕತ್ತು ಹೊಳ್ಳಿಸಿ ಅವರನ್ನ ನೋಡ್ತು, ಅವರಿಗೆ ಕಾಣಸ್ತು, ತಮ್ಮ ದನಿ ಒಬ್ಬರನ್ನ ಮುಟ್ಟಿದ್ದು ಕಣ್ಣಿಗೆ ಕಾಣಸ್ತು, ಕೈ ಎತ್ತಿ ಇನ್ನೊಮ್ಮೆ ಅಂತ ಸನ್ನಿ ಮಾಡಿದ್ರು, ಬೇಕಂತ ಕೂಸಿನ್ನ ಆ ಕಡಿ ಮಾಡಿ ಕೂಡಿಸಿದೆ, ಮತ್ತ ಆ ದನಿ, ಮತ್ತ ಆ ಸಣ್ಣ ಕತ್ತು, ಬಸ್ಸು ಹೋತು, ಹೋಗ್ಲಿ, ಇನ್ನೊಮ್ಮೆ ಅಂತಾರ, ಆ ಸಣ್ಣ ಕತ್ತು, ಬೇವಿನ ನೆರಳೊಳಗ, ಅಪ್ಪನ ಕಡಿ, ಹೊಳ್ಳಿ —