ಎಂಟನೇ ಚಾಕಲೇಟು

ಸಣ್ಣಯ್ಯ ನನ್ನನ್ನು ಬೈದದ್ದು ಅಂಗಳದಲ್ಲಿ, ಅಡಿಕೆ ಸುಲಿಯುತ್ತಿದ್ದ ಹದಿನಾಲ್ಕು ಜನರ ಎದುರಿಗೆ. ಮೂಲೆಗೆ ಕರೆದು ಬೈದಿದ್ದರೆ ಕೇಳಿಸಿಕೊಂಡು, ಮನೆಗೆ ಹೋಗಿ ಗಂಡನ ಮೇಲೆ ತೀರಿಸಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಕರೆಯಲಿಲ್ಲ. ಮೊಬೈಲಿನಲ್ಲಿ ಮಾತಾಡುತ್ತಲೇ ಹೊರಗೆ ಬಂದರು, ಅದನ್ನು ಜೇಬಿಗೆ ಹಾಕಿದರು, ಶುರು ಮಾಡಿದರು.

"ನಿಂಗೆ ತಮ್ಮನ ಮನೆ ಒಕ್ಕಲೇ ಹೆಚ್ಚಾಯ್ತಾ? ಎರಡು ದಿನ ಮೊದ್ಲೇ ಬೀಜ ತೆಗ್ದು ಬಿಸಿಲಿಗೆ ಹಾಕಿ ಸೀತೂರಿಗೆ ಓಡಿದ್ಯಲ್ಲ ಮಾರಾಯ್ತಿ! ಮೈಸೂರಿನೋರು ಬಾಯಿಗೆ ಹಾಕಿ ಉಗಿದ್ರಂತೆ. ನನ್ನ ಮರ್ಯಾದೆ ತೆಗ್ದೆ."

"ಆರು ದಿನ ಪೂರ್ತಿ ಇಟ್ಟಿದ್ದೆ ಅಯ್ಯ. ಎರಡು ಸಲ ತಿರುವಿ ಹಾಕಿದ್ದೆ."

"ಮೇಲಿಂದ ಸುಳ್ಳು ಬೇರೆ! ನಾಳೆಯಿಂದ ಶೆಡ್ಡಿನ ಕಡೆ ತಲೆ ಹಾಕ್ಬೇಡ. ಗೊಬ್ಬರ ಹೊರೋಕೆ ಹೋಗು."

ನನ್ನ ಪಕ್ಕದ ಮನೆಯ ಚಿಕ್ಕಕ್ಕ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡು ಕೂತಳು. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ನಿಂತಿದ್ದ ಬೂತಪ್ಪ ಒಲೆಗೆ ಕಟ್ಟಿಗೆ ನೂಕಿದ್ದೇ ನೂಕಿದ್ದು.

ಸಣ್ಣಯ್ಯ ಅಂದರೆ ರಾಜೇಶಯ್ಯ. ಮುತ್ತಿನಕೊಪ್ಪದ ಸುಬ್ಬಯ್ಯನವರ ಮಗ. ಸುಬ್ಬಯ್ಯನವರನ್ನು ನಾವೆಲ್ಲ ದೊಡ್ಡಯ್ಯ ಎನ್ನುತ್ತೇವೆ. ಅವರ ತೋಟದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ಗಿಡಗಳಿವೆ. ಎಷ್ಟೋ ವರ್ಷ ಅದರ ಕಾಯಿಯನ್ನು ಅಳಿಲು ತಿಂದು ಉಳಿದರೆ ಒಡೆದು, ಹಸಿ ಬೀಜವನ್ನೇ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಎರಡು ಸಾವಿರದ ಏಳರಲ್ಲಿ ಸಣ್ಣಯ್ಯನಿಗೆ ಚಾಕಲೇಟಿನ ಹುಚ್ಚು ಹತ್ತಿತು. ಜಗತ್ತಿನ ಒಳ್ಳೆಯ ಚಾಕಲೇಟುಗಳೆಲ್ಲ ಹದ ಮಾಡಿದ ಬೀಜದಿಂದ ಆಗುವುದಂತೆ, ಹದ ಸರಿಯಿದ್ದರೆ ನಮ್ಮ ಬೀಜವೂ ಅವರ ಸಾಲಿಗೆ ಕೂರುತ್ತದಂತೆ. ಮೈಸೂರಿನಲ್ಲಿ ಎರಡು ಕೋಣೆ ಇಟ್ಟುಕೊಂಡು ಚಾಕಲೇಟು ಮಾಡುವ ಸುಂದರೇಶ್ ಸರ್ ಹಾಗೆ ಹೇಳಿದ್ದರು. ಸಣ್ಣಯ್ಯ ಒಂದು ಶೆಡ್ಡು ಕಟ್ಟಿಸಿ, ಮರದ ಪೆಟ್ಟಿಗೆ ಮಾಡಿಸಿ, ಹದ ನೋಡುವ ಕೆಲಸಕ್ಕೆ ನನ್ನನ್ನು ಹಾಕಿದರು.

ನನಗೆ ಆ ಕೆಲಸ ಹಿಡಿಸಿತು. ಅದನ್ನು ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ. ಇಪ್ಪತ್ತು ವರ್ಷ ಅಡಿಕೆ ಸುಲಿದಿದ್ದೇನೆ, ಗೊಬ್ಬರ ಹೊತ್ತಿದ್ದೇನೆ, ಗದ್ದೆ ನೆಟ್ಟಿದ್ದೇನೆ. ಯಾವುದರಲ್ಲೂ ನನ್ನ ತಲೆಗೆ ಕೆಲಸವಿರಲಿಲ್ಲ. ಇಲ್ಲಿ ಇತ್ತು. ಹಸಿ ಬೀಜವನ್ನು ಪೆಟ್ಟಿಗೆಗೆ ತುಂಬಿ ಬಾಳೆ ಎಲೆ, ಅದರ ಮೇಲೆ ಗೋಣಿ ಮುಚ್ಚಿದರೆ ಮೊದಲ ದಿನ ಹಲಸಿನ ತೊಳೆಯ ವಾಸನೆ, ಮಾರನೆಯ ದಿನ ಕಳ್ಳಿನದು, ಮೂರನೆಯ ದಿನ ಮೂಗಿಗೆ ಹೊಡೆಯುವ ಹುಳಿ. ರಾಶಿ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಆಗ ತಿರುವಿ ಹಾಕಬೇಕು. ಐದನೆಯ ದಿನ ಇನ್ನೊಮ್ಮೆ. ಆರನೆಯ ದಿನ ಹುಳಿ ಇಳಿಯುತ್ತದೆ, ಬೀಜ ಸೀಳಿದರೆ ನೇರಳೆ ಹೋಗಿ ಕಂದು ಬಂದಿರುತ್ತದೆ. ಒಂದು ದಿನ ಮೊದಲು ತೆಗೆದರೂ ಒಗರು ಉಳಿಯುತ್ತದೆ. ಬೀಜ ಒಗರಾಗಿದೆ ಎಂದು ಯಾರಾದರೂ ನನಗೆ ಹೇಳಿದ್ದರೆ ನಾನೂ ಅದೇ ಅನ್ನುತ್ತಿದ್ದೆ, ಬೇಗ ತೆಗೆದಿದ್ದಾರೆ ಎಂದು. ಅದೇ ನನ್ನ ಹೊಟ್ಟೆ ಉರಿಸಿದ್ದು. ಬೈಗುಳ ಸುಳ್ಳು, ಆದರೆ ಅದರ ಲೆಕ್ಕಾಚಾರ ಸರಿಯಾಗಿತ್ತು.

ನಾನು ತೆಗೆದದ್ದು ಆರನೆಯ ದಿನವೇ. ತೆಗೆದು, ಅಂಗಳದಲ್ಲಿ ಹರವಿ, ಆಮೇಲೆ ತಮ್ಮನ ಹೊಸ ಮನೆಯ ಪ್ರವೇಶಕ್ಕೆ ಸೀತೂರಿಗೆ ಹೋದೆ. ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ ಬೀಜ ಚೀಲಕ್ಕೆ ತುಂಬಿ ಮೈಸೂರಿಗೆ ಹೋಗಿಯಾಗಿತ್ತು.

ಇಪ್ಪತ್ತೆರಡು ದಿನ ಗೊಬ್ಬರ ಹೊತ್ತೆ. ಕೆಲಸಕ್ಕೆ ನಾನು ಹೆದರುವವಳಲ್ಲ. ಆದರೆ ದಾರಿಯಲ್ಲಿ ಸಿಕ್ಕವರೆಲ್ಲ "ಎಂತ ಭಾಗ್ಯ, ಚಾಕಲೇಟು ಹಾಳು ಮಾಡಿದ್ಯಂತೆ?" ಎಂದು ಹಲ್ಲು ಕಿರಿಯುವುದನ್ನು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ. ಎನ್.ಆರ್. ಪುರದ ಬಸ್ಸಿನ ಕಂಡಕ್ಟರಿಗೂ ಗೊತ್ತಾಗಿತ್ತು. ನನ್ನ ಗಂಡನೇ ಒಂದು ಸಲ ಊಟದ ನಡುವೆ, "ಹೋಗ್ಲಿ ಬಿಡು, ಗಡಿಬಿಡೀಲಿ ಒಂದಿನ ಆಚೆ ಈಚೆ ಆಗಿರ್ಬಹುದು" ಅಂದ. ತಟ್ಟೆ ಎತ್ತಿ ಆಚೆ ಇಟ್ಟೆ. ಅವನು ಅರ್ಧ ಹೊಟ್ಟೆಯಲ್ಲೇ ಎದ್ದುಹೋದ.

ಜನವರಿಯಲ್ಲಿ ಸುಂದರೇಶ್ ಸರ್ ಬಂದರು. ಯಾವುದು ಒಳ್ಳೆಯ ಚಾಕಲೇಟು, ನಮ್ಮದು ಎಲ್ಲಿ ತಪ್ಪಿದೆ ಎಂದು ಹೋಲಿಸಿ ತೋರಿಸಲು ಏಳು ದೇಶಗಳ ಏಳು ಚಾಕಲೇಟು ತಂದಿದ್ದರು. ಎಂಟನೆಯದು ನಮ್ಮ ಬೀಜದಿಂದ ಅವರೇ ಮಾಡಿದ್ದು. ಜಗಲಿಯ ಮೇಲೆ ಮೇಜು ಹಾಕಿ, ಸಣ್ಣಯ್ಯನ ಹೆಂಡತಿ ಜ್ಯೋತ್ಸ್ನಮ್ಮ ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದರು. ಕೆಳಗೆ ಅಂಗಳದಲ್ಲಿ ಅದೇ ಜನ, ಅದೇ ಅಡಿಕೆ. ನಾನು ತೋಟದಿಂದ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದೆ.

"ಹದ ಮಾಡಿದವರು ಯಾರು? ಅವರನ್ನೂ ಕರೀರಿ" ಎಂದು ಸುಂದರೇಶ್ ಸರ್ ಹೇಳುವುದು ಕೇಳಿಸಿತು.

"ಅವಳನ್ನ ಬಿಡಿಸಿ ಆಯ್ತು ಸರ್. ಅವಳಿಗೆ ಎಂತ ಗೊತ್ತಾಗ್ತದೆ ಇದೆಲ್ಲ?"

"ಕರೀರಿ. ತಪ್ಪು ಆದದ್ದು ಹೇಗೆ ಅಂತ ಅವರಿಗೇ ಗೊತ್ತಾಗಬೇಕಲ್ಲ."

ಕೈ ತೊಳೆದು ಹೋಗಿ ಜಗಲಿಯ ಅಂಚಿನಲ್ಲಿ ನಿಂತೆ. ಜ್ಯೋತ್ಸ್ನಮ್ಮ ಒಂದೊಂದರಿಂದ ಚೂರು ಮುರಿದು ನನಗೆ ಬೇರೆಯಾಗಿ ಬಾಳೆ ಎಲೆಯ ತುಂಡಿನ ಮೇಲೆ ಇಟ್ಟುಕೊಟ್ಟರು. ಅಗಿಯಬಾರದು, ನಾಲಿಗೆಯ ಮೇಲೆ ಕರಗಲು ಬಿಡಬೇಕು ಎಂದು ಸುಂದರೇಶ್ ಸರ್ ಹೇಳಿದರು. ಮೊದಲನೆಯದನ್ನು ಬಾಯಲ್ಲಿ ಹಾಕಿಕೊಂಡೆ.

ಸಣ್ಣಯ್ಯ ಆಗಲೇ ತೀರ್ಪು ಕೊಟ್ಟಾಗಿತ್ತು. ಬಂಗಾರದ ಬಣ್ಣದ ಕಾಗದ ಸುತ್ತಿದ್ದ ಬೆಲ್ಜಿಯಂ ದೇಶದ ಚಾಕಲೇಟೇ ಜಗತ್ತಿಗೆ ಒಂದನೇ ನಂಬರಂತೆ. ಅದರಲ್ಲಿ ಹೂವಿನ ಪರಿಮಳ ಬರುತ್ತದಂತೆ.

"ಇದರಲ್ಲಿ ಬೀಜವೇ ಸಿಕ್ತಿಲ್ಲ. ಬರೀ ಹಾಲು, ಸಕ್ಕರೆ" ಅಂದೆ.

ಸಣ್ಣಯ್ಯನ ಮುಖ ಗಂಟಾಯಿತು. ಸುಂದರೇಶ್ ಸರ್ ಮಾತ್ರ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ಮುಂದಿನದು ನೋಡಿ" ಅಂದರು.

ಎರಡನೆಯದರಲ್ಲಿ ಹೊಗೆ ಇತ್ತು. ಬಿಸಿಲಿಲ್ಲದ ದಿನಗಳಲ್ಲಿ ಬೆಂಕಿಯ ಮೇಲೆ ಒಣಗಿಸಿದ ಬೀಜ. ಮೂರನೆಯದನ್ನು ತಿರುವಿ ಹಾಕಿರಲಿಲ್ಲ, ರಾಶಿಯ ನಡುವೆ ಕೊಳೆತದ್ದು ಬಾಯಿಗೆ ಗೊತ್ತಾಗುತ್ತಿತ್ತು. ನಾಲ್ಕನೆಯದು ಪರವಾಗಿಲ್ಲ. ಐದನೆಯದರಲ್ಲಿ ಒಗರಿತ್ತು, ಬೇಗ ತೆಗೆದದ್ದು. ಆರನೆಯದನ್ನು ಪೂರ್ತಿ ಕರಗಲು ಬಿಟ್ಟೆ. ಹುಳಿ ಇತ್ತು, ಕಹಿ ಇತ್ತು, ಅವೆರಡೂ ಹೋದ ಮೇಲೆ ಹಣ್ಣಿನ ರುಚಿ ಉಳಿಯಿತು, ಉಳಿದೇ ಇತ್ತು.

"ಇದರ ಹದ ನೋಡಿದೋರು ಯಾರೋ, ಅವರಿಗೆ ಮೂಗಿದೆ" ಅಂದೆ.

"ವೆನೆಜುವೆಲಾ ದೇಶದ ಬೀಜ. ನಾನು ತಂದಿರೋದರಲ್ಲಿ ಅದೇ ಎಲ್ಲಕ್ಕಿಂತ ಮೇಲು" ಎಂದರು ಸುಂದರೇಶ್ ಸರ್.

ಏಳನೆಯದು ಜೀರಿಗೆ ಮೆಣಸು ಹಾಕಿದ ಹಾಗೆ ಖಾರ. ಅದು ತಮಾಷೆಗೆ ಮಾಡಿದ್ದಿರಬೇಕು, ಬಿಟ್ಟೆ. ಆಮೇಲೆ ಎಂಟನೆಯದನ್ನು ಬಾಯಿಗಿಟ್ಟೆ. ನನ್ನ ಕೈಯಿಂದ ಹೊರಟ ಬೀಜ ಚಾಕಲೇಟಾದದ್ದನ್ನು ನಾನು ತಿಂದದ್ದು ಅದೇ ಮೊದಲು. ಕರಗುವ ಮೊದಲೇ ವಸಡು ಹಿಡಿದುಕೊಂಡಿತು, ಕೆನ್ನೆ ಒಳಕ್ಕೆ ಎಳೆಯಿತು.

ಆ ಒಗರು ಐದನೆಯದರ ಒಗರಲ್ಲ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಅಡಿಕೆ ಸುಲಿದ ಬೆರಳನ್ನು ಬಾಯಿಗೆ ಹಾಕಿಕೊಂಡವರಿಗೆಲ್ಲ ಗೊತ್ತು.

"ಇದು ಚೊಗರು" ಅಂದೆ.

ಅಡಿಕೆ ಬೇಯಿಸಿ ಉಳಿದ ಕೆಂಪು ನೀರೇ ಚೊಗರು. ಬೆಂದ ಅಡಿಕೆಗೆ ಅದನ್ನು ಹಾಕಿ ಒಣಗಿಸಿದರೆ ಮೈ ಮಿರಿಮಿರಿ ಎನ್ನುತ್ತದೆ, ಮಂಡಿಯಲ್ಲಿ ಒಳ್ಳೆಯ ಹೆಸರು ಬರುತ್ತದೆ. ಸುಂದರೇಶ್ ಸರ್‌ಗೆ ಅದು ಗೊತ್ತಿರಲಿಲ್ಲ. ಸಣ್ಣಯ್ಯನಿಗೆ ಗೊತ್ತಿತ್ತು, ಅದಕ್ಕೇ ಎದ್ದು ನಿಂತರು.

"ಎಂತ ಹೇಳ್ತಿದ್ದಿ? ಮಾಡಿದ ತಪ್ಪು ಮುಚ್ಚೋಕೆ ಮನೆಯೋರ ಮೇಲೆ ಹಾಕ್ತ್ಯಾ? ಕೊಕ್ಕೊಗೆ ಯಾರಾದ್ರೂ ಚೊಗರು ಹಾಕ್ತಾರಾ?"

"ಹಂಗಾದ್ರೆ ಒಂದು ಬೀಜ ಒಡ್ದು ನೋಡಿ" ಅಂದೆ. ಸುಂದರೇಶ್ ಸರ್ ತಮ್ಮ ಚೀಲದಿಂದ ನಮ್ಮದೇ ಮೂರು ಬೀಜ ತೆಗೆದು ಚಾಕುವಿನಿಂದ ಸೀಳಿದರು. ಒಳಗೆ ಕಂದು ಬಣ್ಣ, ನೇರಳೆ ಎಲ್ಲೂ ಇಲ್ಲ. ಅವರು ಬೀಜ ನೋಡಿದರು, ಸಣ್ಣಯ್ಯನನ್ನು ನೋಡಿದರು. "ಹದ ಸರಿಯಾಗೇ ಆಗಿದೆಯಲ್ಲ" ಅಂದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಆರಾಮ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ದೊಡ್ಡಯ್ಯ ಮಗನ ಕಡೆ ತಿರುಗಿ ಬಾಯಿ ತೆರೆದರು.

"ಚೊಗರು ನಾನೇ ಹಾಕ್ಸಿದ್ದು! ನೀ ಅವತ್ತು ಕೊಪ್ಪಕ್ಕೆ ಹೋಗಿದ್ಯಲ ಮಾಣಿ. ನೋಡ್ತೆ, ಬೀಜ ಬೂದಿ ಬೂದಿ ಕಾಣ್ತಿತ್ತು. ಅಂತದ್ದು ಮೈಸೂರಿಗೆ ಕಳ್ಸಿದ್ರೆ ನಮ್ಮ ಮನೆ ಹೆಸರು ಎಂತಾಗ್ಬೇಕು? ಬೂತಪ್ಪನ ಹತ್ರ ಹೇಳಿ ಒಳ್ಳೆ ದಪ್ಪ ಚೊಗರಲ್ಲಿ ಕಲಸಿಸ್ದೆ. ಹೆಂಗೆ, ಬಣ್ಣ ಬಂದಿತ್ತ?"

ಸುಂದರೇಶ್ ಸರ್ ನಗಲು ಶುರು ಮಾಡಿದರು. ಜ್ಯೋತ್ಸ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಸಣ್ಣಯ್ಯನೂ ನಕ್ಕರು. "ಅಪ್ಪಯ್ಯಂದು ಹಿಂಗೇ ಸರ್, ಅಡಿಕೆ ಬಿಟ್ರೆ ಬೇರೆ ಪ್ರಪಂಚ ಇಲ್ಲ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ತನ್ನನ್ನು ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡು ದೊಡ್ಡಯ್ಯನೂ ನಕ್ಕರು.

ನಾನು ನಗಲಿಲ್ಲ. ಅದೇ ಬೀಜ, ಅದೇ ಹಾಳು. ನನ್ನದು ಎಂದುಕೊಂಡಾಗ ಅವರ ಮರ್ಯಾದೆ ಹೋಗಿತ್ತು. ಅವರಪ್ಪನದು ಎಂದು ಗೊತ್ತಾದಾಗ ನಗು ಬಂತು. ಕೈಯಲ್ಲಿದ್ದ ಬಾಳೆ ಎಲೆಯನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು.

"ನಾಳೆಯಿಂದ ಶೆಡ್ಡಿಗೆ ಬಾ ಭಾಗ್ಯ" ಎಂದರು ಸಣ್ಣಯ್ಯ, ನಗು ಇನ್ನೂ ಮುಖದ ಮೇಲಿತ್ತು. "ಸರ್ ಇನ್ನೊಂದು ಸಲ ಬೀಜ ತಗೊಳ್ತಾರೆ."

"ಬರ್ತೀನಿ. ಬೀಜ ಹಾಳಾಗಿದ್ದು ನನ್ನ ಕೈಯಿಂದ ಅಲ್ಲ ಅಂತ ನೀವು ಹೇಳಿ."

"ಈಗ ಎಲ್ರಿಗೂ ಗೊತ್ತಾಯ್ತಲ್ಲ ಮಾರಾಯ್ತಿ."

"ಇಲ್ಲಿ ಮೂರು ಜನಕ್ಕೆ ಗೊತ್ತಾಯ್ತು. ನೀವು ಬೈದದ್ದು ಅಂಗಳದಲ್ಲಿ. ಅಲ್ಲೇ ಹೇಳಿ. ಅವತ್ತು ಎಷ್ಟು ಜೋರಾಗಿ ಹೇಳಿದ್ರೋ ಅಷ್ಟೇ ಜೋರಾಗಿ."

ನಗು ಹೋಯಿತು. "ಹೆಚ್ಚಾಯ್ತು ನಿಂದು" ಎಂದರು. ನಾನು ಕದಲಲಿಲ್ಲ. ಅವರು ಸುಂದರೇಶ್ ಸರ್ ಕಡೆ ನೋಡಿದರು. "ನನಗೆ ಇವರೇ ಹದ ಮಾಡಿದ ಬೀಜ ಬೇಕು" ಎಂದಷ್ಟೇ ಹೇಳಿ ಸರ್ ಕನ್ನಡಕ ಒರೆಸಿಕೊಳ್ಳತೊಡಗಿದರು. ಸಣ್ಣಯ್ಯ ಜಗಲಿಯ ಅಂಚಿಗೆ ಬಂದು, ನನ್ನನ್ನು ನುಂಗುವ ಹಾಗೆ ನೋಡಿ, ಅಂಗಳದ ಕಡೆಗೆ ಕಿರುಚಿದರು.

"ಕೇಳ್ರೋ ಎಲ್ರೂ! ಕೊಕ್ಕೊ ಬೀಜ ಹಾಳಾಗಿದ್ದು ಭಾಗ್ಯನ ಕೈಯಿಂದ ಅಲ್ಲ. ಸಾಕಾ?"

ಹದಿನಾಲ್ಕು ಜನ ತಲೆ ಎತ್ತಲಿಲ್ಲ. ಬೈಗುಳವನ್ನು ಕಿವಿ ತುಂಬ ಕೇಳಿಸಿಕೊಂಡವರಿಗೆ ಇದು ಕೇಳಿಸಲೇ ಇಲ್ಲ. ಬೀಜಕ್ಕೆ ಚೊಗರು ಕಲಸಿದ ಬೂತಪ್ಪ, ಎಲ್ಲ ಗೊತ್ತಿದ್ದೂ ಇಪ್ಪತ್ತೆರಡು ದಿನ ನನ್ನ ಮುಖ ನೋಡಿಕೊಂಡು ಓಡಾಡಿದವನು, ಹಂಡೆಯ ಹಿಂದಕ್ಕೆ ಹೋದ.

ಕೇಳಿಸಿಕೊಂಡದ್ದು ದೊಡ್ಡಯ್ಯ ಒಬ್ಬರೇ. ಕುರ್ಚಿಯಲ್ಲಿ ಮುಂದಕ್ಕೆ ಬಂದರು.

"ಹಾಳಾಗಿದ್ದಾ? ಎಂತ ಹಾಳಾಗಿದ್ದು? ಬಣ್ಣ ಬಂದಿತ್ತು ಅಂತ ನಕ್ಕಿಯಲ ಮಾಣಿ?"

ಮಗ ಅಂಗಳದ ಕಡೆಗೇ ನೋಡುತ್ತ ನಿಂತರು. ಜ್ಯೋತ್ಸ್ನಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

"ಭಾಗ್ಯ, ನೀ ಹೇಳು. ನಿನ್ನ ಕೈಯಿಂದ ಅಲ್ಲ ಅಂತಾನೆ. ಹಂಗಾರೆ ಯಾರ ಕೈಯಿಂದ?"

ಆ ಮುದುಕರು ನನಗೆ ಯಾವತ್ತೂ ಗದರಿದವರಲ್ಲ. ನನ್ನ ಮದುವೆಯ ವರ್ಷ ಜ್ವರ ಬಂದು ಮಲಗಿದಾಗ ಕಷಾಯ ಕಳಿಸಿಕೊಟ್ಟಿದ್ದರು. ಸಣ್ಣಯ್ಯ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು. ಮೊದಲ ಸಲ ಅವರ ಮುಖದಲ್ಲಿ ಬೇಡಿಕೊಳ್ಳುವ ಕಳೆ ಕಂಡೆ. ಪಾಪ ಅನ್ನಿಸಿತು. ಆದರೂ ಹೇಳಿದೆ.

"ನಿಮ್ಮ ಕೈಯಿಂದ, ದೊಡ್ಡಯ್ಯ. ಚೊಗರಿಂದಲೇ ಹಾಳಾದದ್ದು."

ಅವರು ಸುಂದರೇಶ್ ಸರ್ ಮುಖ ನೋಡಿದರು, ಮಗನ ಮುಖ ನೋಡಿದರು. ಯಾರೂ ಅಲ್ಲ ಎನ್ನಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಗಿಯುವುದು ನಿಲ್ಲಿಸಿದರು.

"ಇಷ್ಟು ದಿನ ಒಬ್ರೂ ನಂಗೆ ಹೇಳ್ಲೇ ಇಲ್ಯಲೇ" ಅಂದರು.

"ನಿಮಗೆ ಹೇಳ್ಬೇಕಾದ್ದನ್ನೂ ನಂಗೇ ಹೇಳಿದ್ರು, ದೊಡ್ಡಯ್ಯ."