ಅರ್ಜಿದಾರ ಸ್ಥಳದಲ್ಲಿಲ್ಲ

ರಾತ್ರಿ ಒಂದೂವರೆಗೆ ಉಣಗೋಲಿನ ಸದ್ದಾಯಿತು. ಅಂಗಳದ ದಾರಿಗೆ ನಾವು ಅಡ್ಡ ಹಾಕುವ ಬಿದಿರು ಗಳಗಳವು. ಒಂದು ಸರಿದಾಗ ಕಳ್ಳನೆಂದುಕೊಂಡೆ. ಅದೇ ಗಳ ಮೆಲ್ಲಗೆ ಮರಳಿ ತೂತಿಗೆ ಸೇರಿದ್ದು ಕೇಳಿ ಎದ್ದು ಕುಳಿತೆ. ಕಳ್ಳ ಉಣಗೋಲು ಮರಳಿ ಹಾಕುವುದಿಲ್ಲ.

ಹಿತ್ತಿಲ ಬಾಗಿಲಲ್ಲಿ ಅಣ್ಣ ಉಲ್ಲಾಸ ನಿಂತಿದ್ದ. ಮಿಲಿಟರಿ ಬೂಟು, ಮೇಲೊಂದು ಯಾರದೋ ಹಳೆಯ ಅಂಗಿ.

ಯುದ್ಧ ಶುರುವಾಗಿ ಮೂರು ದಿನವಾಗಿತ್ತು. ಅವನ ರಜೆ ರದ್ದಾಗಿತ್ತು. ಗಡಿಗೆ ಹೊರಟ ರೈಲು ಹುಬ್ಬಳ್ಳಿಯಲ್ಲಿ ನಿಂತಾಗ ಇಳಿದು, ಲಾರಿ ಹತ್ತಿ ಶಿರಸಿಗೆ ಬಂದು, ಕಾನಸೂರಿನವರೆಗೂ ನಡೆದಿದ್ದ.

"ಓಡಿ ಬಂದ್ಯನಾ?" ಅವ್ವ ಕೇಳಿದಳು.

"ಓಡಿ ಬರ್ಲಿಲ್ಲ ಅವ್ವ. ನಾಳೆ ರಾತ್ರಿ ರೈಲಿಗೆ ಹೋಗಿ ಸೇರ್ಕಂತೀನಿ. ಬೆಳಿಗ್ಗೆ ಸಾಹೇಬ್ರ ಎದುರು ನಿತ್ಕಂಡು ಒಂದು ಸಹಿ ಹಾಕ್ಬೇಕು, ಅಷ್ಟೆ."

ಅಜ್ಜನ ಕಾಲದಿಂದ ನಾವು ಉಳುವ ಒಂದು ಎಕರೆ ಇನ್ನೂ ಕಾಗದದಲ್ಲಿ ಅರಣ್ಯ. ಹಕ್ಕುಪತ್ರದ ಅರ್ಜಿ ಅಣ್ಣನ ಹೆಸರಲ್ಲಿದೆ. ಬೆಳಗಾದರೆ ಸ್ಥಳ ಪರಿಶೀಲನೆ. ಅದಕ್ಕೆ ಅರ್ಜಿದಾರ ಖುದ್ದು ಹಾಜರಿರಬೇಕು, ಇಲ್ಲದಿದ್ದರೆ ಕಡತ ಮುಗಿಯಿತು. ರಜೆ ರದ್ದಾದ ಸಂದೇಶವನ್ನು ನಾನು ಸಿದ್ದಾಪುರದ ಕಚೇರಿಯಲ್ಲಿ ತೋರಿಸಿದ್ದೆ. ಮೊಬೈಲಿನಲ್ಲಿ ಬಂದದ್ದು ದಾಖಲೆಯಲ್ಲ ಎಂದಿದ್ದರು.

ಅಣ್ಣ ಮಲಗಲಿಲ್ಲ. ಹೋದ ಚಳಿಗಾಲದಲ್ಲಿ ಮೂವತ್ತು ಹೆಜ್ಜೆ ದೂರದಲ್ಲಿ ಶೆಲ್ ಬಿದ್ದಾಗಿನಿಂದ ಎಡಗಿವಿಯಲ್ಲಿ ಜೀರುಂಡೆ ಕೂಗುತ್ತಲೇ ಇರುತ್ತದಂತೆ. ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತ. ಬಂದು ಗಂಜಿ ಉಂಡ. ಮತ್ತೆ ಹೋಗಿ ನಿಂತ. ನಾನು ದಾರಿ ನೋಡುತ್ತ ಬೆಳಗು ಮಾಡಿದೆ.

ಎಂಟಕ್ಕೆ ಜೀಪು ಬಂತು. ಅಧಿಕಾರಿ, ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ ಸುಭಾಷ, ಅವರ ಹಿಂದೆ ತೋಟದ ದಿನಕರ ಒಡೆಯರು. ನಮ್ಮ ಒಂದು ಎಕರೆ ತಮ್ಮ ತೋಟಕ್ಕೆ ಸೊಪ್ಪು ಕಡಿಯುವ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ, ಸೇರಬೇಕೆಂದು ಅರ್ಜಿ ಕೊಟ್ಟವರು ಅವರೇ. ಕಾನಸೂರಿನಲ್ಲಿ ಅಣ್ಣನ ಫೋಟೋ ಹಾಕಿ 'ಊರಿನ ಹೆಮ್ಮೆ' ಎಂದು ಬ್ಯಾನರ್ ಕಟ್ಟಿಸಿದವರೂ ಅವರೇ. ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದೇ ಬಂದರು.

ಅಣ್ಣ ಹೊರಬರಲು ಎದ್ದಿದ್ದ. ನಾನು ಅವನನ್ನು ಕಟ್ಟಿಗೆ ಕೋಣೆಗೆ ತಳ್ಳಿ ಬಾಗಿಲೆಳೆದೆ. ಆ ಮೊಬೈಲಿನಲ್ಲಿ ಅವನ ಮುಖ ಬಿದ್ದರೆ ಸಂಜೆಯೊಳಗೆ ಅವನು ಯುದ್ಧಕ್ಕೆ ಹೆದರಿ ಓಡಿಬಂದವನು. ಜೈಲು. ಬ್ಯಾನರಿನ ಮೇಲೆ ಸಗಣಿ.

"ಚೌಡಮ್ಮ, ಮಗನ ಫೋಟೋ ಹಿಡ್ಕ. ವಿಡಿಯೋ ಮಾಡ್ತೆ," ಎಂದರು ಒಡೆಯರು. ಅವ್ವ ಹಿಡಿದಳು. ಕಟ್ಟಿಗೆ ಕೋಣೆಯತ್ತ ನೋಡದಿರಲು ಅವಳು ತಲೆ ತಗ್ಗಿಸಿದ್ದು ಅವರಿಗೆ ಚೆನ್ನಾಗಿ ಕಂಡಿರಬೇಕು. ಹತ್ತಿರ ಬಂದು ಇನ್ನೊಮ್ಮೆ ತೆಗೆದರು.

ಅಧಿಕಾರಿ ಅರ್ಜಿದಾರ ಎಲ್ಲಿ ಎಂದು ಕೇಳಿದ. ಗಡಿಯಲ್ಲಿ ಎಂದಳು ಅವ್ವ.

"ದೇಶಸೇವೆ ದೊಡ್ಡದು ತಾಯಿ. ಆದ್ರೆ ನಮ್ಮ ಫಾರಂನಲ್ಲಿ ಗಡಿ ಅಂತ ಕಾಲಂ ಇಲ್ಲ. ಇದ್ದಾರೆ, ಇಲ್ಲ, ಎರಡೇ."

'ವಾಸವಿಲ್ಲ' ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದ. ಮಣ್ಣಿನ ಗೋಡೆಯ ಆಚೆ, ನಾಲ್ಕು ಮೊಳದಲ್ಲಿ, ಅಣ್ಣ ಅದನ್ನು ಬಲಗಿವಿಯಿಂದ ಕೇಳಿಸಿಕೊಂಡಿರಬೇಕು.

ಆಗಲೇ ಒಡೆಯರ ಕಣ್ಣು ಅಂಗಳಕ್ಕೆ ಬಿತ್ತು. ಹಸಿ ಮಣ್ಣಿನಲ್ಲಿ ಉಣಗೋಲಿನಿಂದ ಹಿತ್ತಿಲವರೆಗೆ ಬೂಟಿನ ಗುರುತು.

"ಇದು ಯಾರ ಬೂಟು?"

ಹೋದ ವರ್ಷ ನಮ್ಮ ಕಾಳುಮೆಣಸಿನ ಬಳ್ಳಿ ಕಿತ್ತವನು ಸುಭಾಷ. ಅವನು ಗುರುತು ನೋಡಿದ. ಕಾಲಲ್ಲಿದ್ದ ರಬ್ಬರ್ ಚಪ್ಪಲಿಯನ್ನು ಹುಲ್ಲಿನೊಳಗೆ ಸರಿಸಿದ.

"ನಂದೇ. ನಿನ್ನೆ ಸಂಜೆ ಗಡಿಕಲ್ಲು ನೋಡಕ್ಕೆ ಬಂದಿದ್ದೆ."

ಅಧಿಕಾರಿ ನನ್ನತ್ತ ಪೆನ್ನು ಚಾಚಿದ, ಸಾಕ್ಷಿ ಸಹಿಗೆ. ನಾನು ಓದಿದವಳು, ಬರೆದದ್ದಕ್ಕೆ ಏನರ್ಥವೆಂದು ಗೊತ್ತು.

"ಇದು ಸುಳ್ಳು ಸಾರ್. ನಾನು ಸಹಿ ಹಾಕೂದಿಲ್ಲ," ಎಂದೆ.

"ನೀನು ಹಾಕದಿದ್ರೆ ಕಡತ ನಿಲ್ತದಾ?" ಎಂದು ನಕ್ಕ. ಒಡೆಯರು ಹಾಕಿದರು.

ಕತ್ತಲಾದ ಮೇಲೆ ಅಣ್ಣ ಹೊರಟ. ಮುಂದಿನ ಸಲ ಸತ್ತು ಪೆಟ್ಟಿಗೆಯಲ್ಲಿ ಬಂದರೆ ಇಳಿಸಲು ಜಾಗವನ್ನಾದರೂ ಇಟ್ಟುಕೊಂಡಿರಿ ಎಂದ. ಅವ್ವ ಅವನ ಬಾಯಿಗೆ ಕೈ ಇಟ್ಟಳು. ಹೋಗುವಾಗಲೂ ಉಣಗೋಲು ಮರಳಿ ಹಾಕಿಯೇ ಹೋದ.

ನಾನು ತೆಂಗಿನ ಕಡ್ಡಿಯ ಹಿಡಿ ತಂದು ಅಂಗಳ ಗುಡಿಸತೊಡಗಿದೆ. ಒಂದೊಂದೇ ಬೂಟಿನ ಗುರುತು ಅಳಿಸಿದೆ. ಅಣ್ಣ ಇಲ್ಲಿದ್ದ ಎನ್ನಲು ಇದ್ದ ಸಾಕ್ಷಿ ಅದೊಂದೇ. ವಾಸವಿಲ್ಲ ಎಂದು ಅವರು ಬರೆದರು, ನಾನು ಗುಡಿಸಿದೆ.

ಮೇಲ್ಮನವಿಯನ್ನು ನಾಳೆಯೇ ಬರೆಯುತ್ತೇನೆ. ಅದರಲ್ಲಿ ಅಜ್ಜ ಇರುತ್ತಾನೆ, ಎಮ್ಮೆ ಇರುತ್ತದೆ, ಕಿತ್ತ ಬಳ್ಳಿಗಳಿರುತ್ತವೆ. ಈ ಒಂದು ದಿನ ಇರುವುದಿಲ್ಲ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ.